ಕಾರ್ಖಾನೆಯ ಕಡೆಗಿನ ಕಿಟಕಿ

ಚಿರಂಜೀವಿ ಮೊಮ್ಮಗಳಿಗೆ ಅಜ್ಜನ ಆಶೀರ್ವಾದಗಳು.

ವಿಷಯ: ಕೆಮಿಕಲ್ ಎಂಜಿನಿಯರಿಂಗ್ ವ್ಯಾಸಂಗವನ್ನು ಅರ್ಧಕ್ಕೆ ಬಿಡುವ ನಿನ್ನ ಇಚ್ಛೆ.

ಮೇಲ್ಕಂಡ ವಿಷಯವಾಗಿ ತಿಳಿಯಪಡಿಸುವುದೇನೆಂದರೆ, ಒಂದು ಪರೀಕ್ಷೆಯಲ್ಲಿ ಫೇಲಾದೆ, ಓದು ಬಿಡುತ್ತೇನೆ ಎಂಬ ನಿನ್ನ ಫೋನು ಬಂದಾಗಿನಿಂದ ಈ ಮನೆಯಲ್ಲಿ ನೆಮ್ಮದಿಯಿಲ್ಲ. ತಲೆ ತಿನ್ನುವ ಗಣಿತ, ಬಟ್ಟೆ ಬಿಡದ ವಾಸನೆ, ಕೊನೆಗೆ ಯಾವುದೋ ಕಾರ್ಖಾನೆಯ ಕೆಲಸ ಎಂದು ನೀನು ಹೇಳಿದ ಅನನುಕೂಲಗಳಲ್ಲಿ ಒಂದನ್ನೂ ನಾನು ಅಲ್ಲಗಳೆಯುವುದಿಲ್ಲ. ನಿನ್ನ ಅಜ್ಜಿಯಂತೂ, "ಆ ಹೊಗೆ ಬಿಡೋರ ಜೊತೆ ಸೇರೋಕೆ ಇಷ್ಟೆಲ್ಲ ಓದ್ಬೇಕೇನ್ರೀ? ಬಿಟ್ಟು ಬರ್ಲಿ ಬಿಡಿ" ಎಂದು ಕೆಮ್ಮುತ್ತಲೇ ಹೇಳುತ್ತಾಳೆ.

ಅನುಕೂಲ ನನಗೆ ಕಂಡದ್ದು ಒಂದೇ. ಬೀದಿಯ ಕೊನೆಯ ಬಣ್ಣದ ಕಾರ್ಖಾನೆಯ ಹೊಗೆಯ ಬಗ್ಗೆ ನಾನು ವರ್ಷಗಟ್ಟಲೆ ಅರ್ಜಿ ಬರೆದೆ. "ಎಲ್ಲವೂ ಮಿತಿಯೊಳಗಿದೆ" ಎಂಬ ಉತ್ತರವೇ ಬರುತ್ತಿತ್ತು. ಯಾವ ಮಿತಿ ಎಂದು ಕೇಳುವ ವಿದ್ಯೆ ನನಗಿರಲಿಲ್ಲ. ಕಳೆದ ರಜೆಯಲ್ಲಿ ನೀನು ಚಿಮಣಿಯನ್ನೊಮ್ಮೆ ನೋಡಿ, ನೇರ ಗೇಟಿಗೆ ಹೋಗಿ, "ಹೊಗೆ ತೊಳೆಯೋ ಯಂತ್ರ ಯಾಕೆ ಆಫ್ ಮಾಡಿದೀರಿ?" ಎಂದೆ. ಮ್ಯಾನೇಜರ್ ಅಂದೇ ಆ ಯಂತ್ರವನ್ನು ಆನ್ ಮಾಡಿಸಿದ. ನೀನಿದ್ದಷ್ಟು ದಿನ ಅಜ್ಜಿ ಕಿಟಕಿ ತೆರೆದು ಮಲಗಿದಳು. ನೀನು ಹಾಸ್ಟೆಲಿಗೆ ಮರಳಿದ ಮೇಲೆ ಯಥಾಪ್ರಕಾರ.

ಆದಕಾರಣ ಫೇಲಾದ ಪರೀಕ್ಷೆಗೆ ಮತ್ತೆ ಕೂರಬೇಕಾಗಿ ವಿನಂತಿ. ಬಿಡುವುದೇ ಖಚಿತವಾದರೆ, ಬರುವಾಗ ಮೊಳೆ ತೆಗೆದುಕೊಂಡು ಬಾ. ಆ ಕಿಟಕಿಯನ್ನು ನೀನೇ ಮುಚ್ಚಿ ಹೋಗು, ನನ್ನ ಕೈಯಲ್ಲಾಗದು.

ಈ ಒಂದು ಅರ್ಜಿಗಾದರೂ ಉತ್ತರ ಬಯಸುವ,
ನಿನ್ನ ಅಜ್ಜ