ಐದು ರೂಮಿನ ಗೂಡು

ಜನವರಿ 6, ಸೋಮವಾರ. ಬೆಳಿಗ್ಗೆ 7

ಜೀರಿಗೆ — ಉದ್ದ ಹದಿನೇಳು ಇಂಚು, ಎತ್ತರ ಹನ್ನೊಂದು. ಲವಂಗ — ಹದಿನಾರು, ಹತ್ತೂವರೆ. ಮೆಣಸು ಟೇಪನ್ನೇ ಕಚ್ಚಿಕೊಂಡು ಓಡಿತು. ಹಿಡಿದು ತಂದೆ. ಗಸಗಸೆ ನಿಂತಲ್ಲಿ ನಿಲ್ಲದು, ಅಂದಾಜಿನ ಮೇಲೆ ಬರೆದುಕೊಂಡೆ. ಸಾಸಿವೆ ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ಮುದುಕಿ — ಹನ್ನೆರಡು, ಎಂಟು. ಒಂದು ಜೊತೆ ಚಪ್ಪಲಿಯಷ್ಟು ನಾಯಿ. ಹೆಸರೆಲ್ಲ ಅಕ್ಕ ಇಟ್ಟದ್ದು. ನನ್ನನ್ನು ಕೇಳಿದ್ದರೆ ಉಳಿ, ಮೊಳೆ ಅಂತ ಇಡುತ್ತಿದ್ದೆ.

ಬಸ್ಸಿಗೆ ಬಾಡಿ ಕಟ್ಟುವ ವರ್ಕ್‌ಶಾಪಿನಲ್ಲಿ ಮೂವತ್ತೆಂಟು ವರ್ಷ ಬಡಗಿ. ಐವತ್ತೆರಡು ಸೀಟಿನ ಬಸ್ಸಿಗೆ ಕೂದಲೆಳೆ ಹೆಚ್ಚು ಕಡಿಮೆ ಇಲ್ಲದೆ ಹಲಗೆ ಕೂರಿಸಿದ ಕೈ ಇದು. ಹಳ್ಳಿ ಶಾಲೆಯ ಮೇಷ್ಟ್ರು ಏಳನೇ ಕ್ಲಾಸಿನಲ್ಲೇ ಹೇಳಿದ್ದರು — ಇವನಿಗೆ ಲೆಕ್ಕ ಹತ್ತಲ್ಲ, ಅಳತೆ ಹತ್ತುತ್ತೆ. ಮುಂದಿನ ಓದಿನ ಅಗತ್ಯ ಬೀಳಲಿಲ್ಲ.

ಅಕ್ಕ ಬಿದ್ದು ಇವತ್ತಿಗೆ ಒಂಬತ್ತು ದಿನ. ಸೊಂಟದ ಮೂಳೆ. ರಾಡ್ ಹಾಕಿದ್ದಾರೆ. ನಾಯಿಗಳು ಕಾಲಿಗೆ ಅಡ್ಡ ಬಂದವು... ಆ ವಿಷಯ ಇನ್ನೊಂದು ದಿನ.

ಅಕ್ಕನ ಮಗಳು ನಿನ್ನೆ ಬಂದು ತೀರ್ಪು ಕೊಟ್ಟಳು. ಸ್ಕೂಲಿನಲ್ಲಿ ಹೆಡ್‌ಮಿಸ್ಸು. ಅವಳು ಬಾಯಿ ತೆಗೆದರೆ ನನಗೂ ಸಾಲಿನಲ್ಲಿ ನಿಲ್ಲಬೇಕು ಅನ್ನಿಸುತ್ತದೆ.

"ಮಾವ, ಅಮ್ಮ ಮನೆಗೆ ಬರೋದ್ರೊಳಗೆ ಒಂದು ನಾಯೀನೂ ಹೊಸ್ತಿಲ ಒಳಗೆ ಇರಬಾರದು. ಹಿತ್ತಲಲ್ಲಿ ಗೂಡಲ್ಲಿ ಇರ್ತವೆ ಅಂದ್ರೆ ಇರ್ಲಿ. ಇಲ್ಲಾಂದ್ರೆ ಕೇಳಿದವರಿಗೆ ಒಂದೊಂದು ಕೊಟ್ಬಿಡೋದು."

"ಯಾಕಿರಲ್ಲ? ಅರಮನೆ ಕಟ್ಟಿ ಕೊಡ್ತೀನಿ."

"ಗೂಡು ಸಾಕು ಮಾವ."

ಅವಳಿಗೇನು ಗೊತ್ತು. ಗೂಡು ಕಟ್ಟೋಣ ಅಂತಲೇ ಕೂರುತ್ತೇನೆ, ಏಳುವಷ್ಟರಲ್ಲಿ ಅರಮನೆ ಆಗಿರುತ್ತದೆ.

ಜನವರಿ 8. ಮಧ್ಯಾಹ್ನ

ಹಳೇ ಬೀರುವಿನ ಹಲಗೆ, ಮೇಲೆ ತಗಡು. ಐದು ರೂಮು. ಒಬ್ಬೊಬ್ಬರಿಗೆ ಒಂದೊಂದು, ಅವರವರ ಅಳತೆಗೆ. ಒಂದೊಂದಕ್ಕೂ ಪುಟ್ಟ ಬಾಗಿಲು, ಚಿಲಕ, ನೆತ್ತಿಯ ಮೇಲೆ ಹೆಸರು. ಸಾಸಿವೆಯ ಬಾಗಿಲಿಗೆ ಕಮಾನು ಕೊಟ್ಟೆ. ಅಗತ್ಯವಿರಲಿಲ್ಲ. ಬರುತ್ತದಲ್ಲ, ಕೊಟ್ಟೆ.

ಪಕ್ಕದ ಮನೆ ಡ್ರೈವರ್ ಕಾಂಪೌಂಡಿನ ಮೇಲೆ ಗಲ್ಲ ಊರಿ ನಿಂತಿದ್ದ. ರಿಟೈರ್ ಆದಮೇಲೆ ಅವನಿಗೆ ಅದೇ ಡ್ಯೂಟಿ.

"ಏನ್ ಮೇಸ್ತ್ರಿಗಳೇ, ಲಾಡ್ಜ್ ಕಟ್ತಿದ್ದೀರಾ?"

"ಐದು ರೂಮು. ಎಲ್ಲ ಬುಕ್ ಆಗಿದೆ, ನಿನಗೆ ಜಾಗ ಇಲ್ಲ."

"ಅಟ್ಯಾಚ್ಡ್ ಬಾತ್‌ರೂಮಾ?"

"ಅದಕ್ಕೆ ನಿನ್ನ ಕಾಂಪೌಂಡ್ ಗೋಡೆ ಇದೆಯಲ್ಲ."

ಹೊಟ್ಟೆ ಕುಲುಕಿಸಿ ನಕ್ಕ. ಆಮೇಲೆ — "ಅದ್ಸರಿ, ಕೆಲಸ ಮಾಡ್ತಾ ಸಿಳ್ಳೆ ಹಾಕ್ತಿದ್ರಿ. ಹತ್ತು ದಿನದಿಂದ ಕೇಳ್ತಾನೇ ಇಲ್ಲ?"

"ಹಲ್ಲು ನೋವು."

ಕಬ್ಬಿಣದಂಥ ಹಲ್ಲು ನನ್ನದು. ಇವತ್ತಿಗೂ ಒಂದು ಅಲ್ಲಾಡಿಲ್ಲ.

ಜನವರಿ 11, ಶನಿವಾರ. ಸಂಜೆ

ಗೃಹಪ್ರವೇಶ ಆಯಿತು. ಒಂದೊಂದನ್ನೇ ಎತ್ತಿ ಅದರದರ ರೂಮಿಗೆ ಬಿಟ್ಟು ಚಿಲಕ ಹಾಕಿದೆ. ಹಾಸಲು ಗೋಣಿತಟ್ಟು, ಮೇಲೆ ನನ್ನ ಹಳೇ ಪಂಚೆ. ಫೋಟೋ ತೆಗೆದು ಅಕ್ಕನ ಮಗಳಿಗೆ ಕಳಿಸಿದೆ. "ತುಂಬಾ ಚೆನ್ನಾಗಿದೆ ಮಾವ" ಅಂತ ಬಂತು. ಹೆಡ್‌ಮಿಸ್ಸಿನ ಬಾಯಲ್ಲಿ ತುಂಬಾ ಅಂತ ಬರುವುದು ಅಪರೂಪ. ನಾಲ್ಕು ಸಲ ಓದಿಕೊಂಡೆ.

ಐದು ಗಂಟೆಗೆ ಜೀರಿಗೆ ಶುರು ಮಾಡಿತು. ಆಮೇಲೆ ಲವಂಗ. ಆಮೇಲೆ ಎಲ್ಲವೂ. ಬೊಗಳುವುದಲ್ಲ, ಎಳೆದೆಳೆದು ಅಳುವುದು. ಸಾಸಿವೆ ಮಾತ್ರ ಸುಮ್ಮನಿದೆ. ಕಮಾನಿನ ಒಳಗೆ ಬಗ್ಗಿ ನೋಡಿದೆ. ಪಂಚೆಯ ಮೇಲೆ ನಿಂತೇ ಇದೆ. ನಡುಗುತ್ತಿದೆ.

ಹೊಸ ಮನೆ. ಒಗ್ಗಬೇಕು.

ಜನವರಿ 12. ಬೆಳಿಗ್ಗೆ

ಒಗ್ಗಲಿಲ್ಲ. ಐದನ್ನೂ ನನ್ನ ರೂಮಿಗೆ ತಂದು ಮಲಗಿಸಿಕೊಂಡೆ. ನನ್ನದೂ ಹಿತ್ತಲ ರೂಮೇ — ಮೊದಲು ಸೌದೆ ಕೋಣೆ, ರಿಟೈರ್ ಆಗಿ ಬಂದಾಗ ನಾನೇ ರಿಪೇರಿ ಮಾಡಿಕೊಂಡದ್ದು. ಹೊಸ್ತಿಲ ಒಳಗೆ ಅಲ್ಲ. ಆದ್ದರಿಂದ ಮಾತು ತಪ್ಪಿದಂತೆಯೂ ಅಲ್ಲ.

ಆರೂವರೆಗೆ ಎಲ್ಲವನ್ನೂ ವಾಪಸ್ ಗೂಡಿಗೆ ತುಂಬಿ, ಏನೂ ಗೊತ್ತಿಲ್ಲದವನ ಹಾಗೆ ಹಲ್ಲುಜ್ಜುತ್ತ ನಿಂತೆ. ಏಳಕ್ಕೆ ಅಕ್ಕನ ಮಗಳು ಬಂದಳು, ಆಸ್ಪತ್ರೆಗೆ ಅಮ್ಮನ ಬಟ್ಟೆ ಒಯ್ಯಲು.

"ಮಾವ, ಸ್ವೆಟರ್ ಬೆನ್ನ ಮೇಲೇನದು ಕೂದಲು?"

"ವಯಸ್ಸಾಯ್ತಲ್ಲಮ್ಮ. ತಲೆ ಬಿಟ್ಟು ಬೆನ್ನಿಗೆ ಇಳೀತಿದೆ."

"ಬಿಳಿ, ಕಂದು, ಕಪ್ಪು. ಮೂರು ಬಣ್ಣ?"

"ಬೆನ್ನಿಗೆ ಯಾರು ಡೈ ಹಚ್ತಾರೆ?"

ನಗಲಿಲ್ಲ. ಆದರೆ ತುಟಿ ಒಂದು ಬದಿಗೆ ಹೋಯಿತು. ಚಿಕ್ಕಂದಿನಲ್ಲಿ ನಗು ತಡೆಯುವಾಗಲೂ ಹಾಗೇ ಮಾಡುತ್ತಿದ್ದಳು.

ಜನವರಿ 15, ಬುಧವಾರ

ಆಸ್ಪತ್ರೆಗೆ ಹೋಗಿ ಬಂದೆ. ಅಕ್ಕನನ್ನು ನಡಿಗೆ ಕಲಿಸುವ ವಾರ್ಡಿಗೆ ಹಾಕಿದ್ದಾರೆ. ಎಳೇಕೂಸುಗಳ ವಾರ್ಡಿನಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವಳು. ಈಗ ಇಲ್ಲಿಯ ನರ್ಸುಗಳಿಗೆ ಬೆಡ್‌ಶೀಟ್ ಮಡಿಸುವ ಪಾಠ ಹೇಳುತ್ತಿದ್ದಾಳೆ. ಪಾಪ, ಅವು ನನ್ನನ್ನು ಕಂಡ ಕೂಡಲೇ ಬೇಗ ಕರೆದುಕೊಂಡು ಹೋಗಿ ಅನ್ನುವ ಮುಖ ಮಾಡಿದವು.

ಗೂಡಿನ ವರ್ಣನೆ ಮಾಡಿದೆ. ಕಮಾನಿನವರೆಗೂ. ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಅಳತೆ ಹೇಗೆ ತಗೊಂಡೆ?"

"ಒಂದೊಂದನ್ನೇ ನಿಲ್ಲಿಸಿ."

"ಅವು ಮಲಗೋದನ್ನ ನೋಡಿದ್ದೀಯಾ ನೀನು?"

ನೋಡಿದ್ದೇನೆ. ಅಕ್ಕನ ಮಂಚದ ಕೆಳಗೆ ಒಂದೇ ರಾಶಿ. ಯಾವ ಕಾಲು ಯಾವುದರದು ಅಂತ ತಿಳಿಯದ ಹಾಗೆ. ಸಾಸಿವೆ ಯಾವಾಗಲೂ ನಡುವೆ.

"ತಿಂಗಳು ತುಂಬದ ಕೂಸುಗಳನ್ನ ನಾವೂ ಬೇರೆ ಬೇರೆ ಪೆಟ್ಟಿಗೇಲಿ ಮಲಗಿಸ್ತಿದ್ವಿ ಕಣೋ. ಮೇಲೆ ಬೆಚ್ಚಗೆ ದೀಪ ಇಟ್ಟು. ನಿನ್ನ ಪೆಟ್ಟಿಗೇಲಿ ದೀಪ ಇದೆಯಾ?"

ಮೂವತ್ತೆಂಟು ವರ್ಷದ ಅಳತೆ. ನಿಂತ ನಾಯಿಯನ್ನು ಅಳೆದು ಮಲಗುವ ಮನೆ ಕಟ್ಟಿದೆ.

ಬಸ್ಸಿನಲ್ಲಿ ಸೀಟು ಖಾಲಿ ಇತ್ತು. ನಿಂತೇ ಬಂದೆ.

ಜನವರಿ 16

ನಡುವಿನ ನಾಲ್ಕು ಹಲಗೆ ಕಿತ್ತೆ. ಐದು ರೂಮು ಹೋಗಿ ಒಂದು ಹಾಲ್. ಡ್ರೈವರ್ ಗೋಡೆಯಾಚೆಯಿಂದ — "ಲಾಡ್ಜ್ ಮುಚ್ಚಿ ಕಲ್ಯಾಣ ಮಂಟಪ ಮಾಡಿದ್ರಾ?" ಕಿತ್ತ ಮೊಳೆಗಳನ್ನು ಒಂದೊಂದಾಗಿ ನೇರ ಮಾಡುತ್ತ ಕೂತೆ.

ರಾಶಿ ಬಿದ್ದು ಮಲಗಿದವು. ಅಳು ನಿಂತಿತು. ಆದರೆ ಹಗಲಲ್ಲಿ ಬಿಟ್ಟರೆ ಐದೂ ಹೋಗಿ ಅಡುಗೆಮನೆಯ ಹಿಂಬಾಗಿಲ ಮುಂದೆ ಸಾಲಾಗಿ ಕೂರುತ್ತವೆ. ಬಾಗಿಲನ್ನೇ ನೋಡುತ್ತ. ಸಾಸಿವೆ ಅನ್ನ ಮುಟ್ಟಿಲ್ಲ.

ಜನವರಿ 20, ಸೋಮವಾರ. ಸಂಜೆ

ಮೂರು ದಿನ ಬರೆಯಲಿಲ್ಲ. ಸಾಸಿವೆಗೆ ಡ್ರಾಪರಿನಲ್ಲಿ ಹಾಲು ಹಾಕುವುದೇ ಕೆಲಸವಾಗಿತ್ತು.

ಇವತ್ತು ಅಕ್ಕನ ಮಗಳೇ ಕಾರಿನಲ್ಲಿ ನಾಯಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ರೋಗ ಏನೂ ಇಲ್ಲವಂತೆ. ಒಳಗೆ ಬೆಳೆದದ್ದು, ಮೈಯಲ್ಲಿ ಮಾಂಸವಿಲ್ಲ, ಹೊರಗಿನ ಚಳಿ ತಡೆಯದು ಅಂದರು. ಅಷ್ಟೇ.

ವಾಪಸ್ ಬರುವಾಗ ಕಾರು ಪಕ್ಕಕ್ಕೆ ನಿಲ್ಲಿಸಿದಳು. ಸ್ಟೀರಿಂಗ್ ಬಿಡಲಿಲ್ಲ.

"ಮಾವ, ನನಗೂ ಕರುಳಿದೆ. ಸಾಸಿವೇನ ಮೊದಲು ಮನೆಗೆ ತಂದವಳು ನಾನೇ. ಆದ್ರೆ ಅಮ್ಮ ಇನ್ನೊಂದು ಸಲ ಬಿದ್ರೆ ನಡೆಯೋದು ಕಷ್ಟ ಅಂದಿದ್ದಾರೆ ಡಾಕ್ಟ್ರು. ಐದೂ ಒಟ್ಟಿಗೆ ಕಾಲಿಗೆ ನುಗ್ಗಿದವು ಅಂತ ನೀವೇ ಹೇಳಿದ್ರಲ್ಲ. ಯಾವ ಧೈರ್ಯದ ಮೇಲೆ ಒಳಗೆ ಬಿಟ್ಕೊಳ್ಲಿ?"

ಹೂಂ ಅಂದೆ.

"ಹೊರಗೆ ಇದು ಉಳಿಯಲ್ಲ, ಒಳಗೆ ಅಮ್ಮ ಉಳಿಯಲ್ಲ. ಐದು ಒಳ್ಳೆ ಮನೆ ನೋಡಿದ್ದೀನಿ. ಭಾನುವಾರ ಬಂದು ತಗೊಂಡು ಹೋಗ್ತಾರೆ."

ಐದು ಮನೆ. ಬೇರೆ ಬೇರೆ. ಸಾಸಿವೆ ನನ್ನ ಸ್ವೆಟರಿನ ಒಳಗಿತ್ತು.

ಜನವರಿ 21. ಬೆಳಿಗ್ಗೆ

ಬರೆದುಬಿಡುತ್ತೇನೆ.

ನನ್ನ ಸಿಳ್ಳೆ ಹೆಸರಾದದ್ದು. ಎರಡು ಬೆರಳು ಬಾಯಿಗಿಟ್ಟರೆ ವರ್ಕ್‌ಶಾಪಿನ ಮಿಷನ್ ಸದ್ದು ಸೀಳಿಕೊಂಡು ಗೇಟಿನವರೆಗೆ ಕೇಳುತ್ತಿತ್ತು. ಊಟದ ಬೆಲ್ ಕೆಟ್ಟಾಗ ಮ್ಯಾನೇಜರೇ ನನ್ನನ್ನು ಕರೆಸಿದ್ದುಂಟು. ಈ ಐದಕ್ಕೂ ಅಭ್ಯಾಸ ಮಾಡಿಸಿದ್ದೆ. ಸಿಳ್ಳೆ ಕೇಳಿದರೆ ಎಲ್ಲಿದ್ದರೂ ಬಾಣದಂತೆ ಗೇಟಿಗೆ. ಬಂದವಕ್ಕೆ ಬಿಸ್ಕತ್ತು. ಅಕ್ಕ ಬೈಯುತ್ತಿದ್ದಳು — "ಮನೆ ಒಳಗೆ ರೇಸ್ ಬಿಡಬೇಡ್ವೋ." ಅವಳು ಬೈದಷ್ಟೂ ನನಗೆ ಹುರುಪು.

ಆ ಶನಿವಾರ ಅಂಗಡಿಯಿಂದ ಬಂದೆ. ಡ್ರೈವರ್ ಕಾಂಪೌಂಡಿನಲ್ಲಿದ್ದ. "ನೋಡು, ಎಷ್ಟು ಸೆಕೆಂಡಲ್ಲಿ ಬರ್ತವೆ" ಅಂದೆ. ಹಾಕಿದೆ. ಅಕ್ಕ ಒಗೆದ ಬಟ್ಟೆಯ ರಾಶಿ ಎದೆಗೆ ಅವುಚಿಕೊಂಡು ಅಡುಗೆಮನೆ ಹೊಸ್ತಿಲು ದಾಟುತ್ತಿದ್ದಳು. ನೆಲ ಕಾಣಿಸುತ್ತಿರಲಿಲ್ಲ. ಐದೂ ಅವಳ ಕಾಲಿನ ನಡುವೆ ಹಾದು ನನ್ನ ಹತ್ತಿರ ಬಂದವು. ಬಾಲ ಅಲ್ಲಾಡಿಸುತ್ತ ನಿಂತವು. ಬಿಸ್ಕತ್ತಿಗೆ. ಆಗ ಒಳಗೆ ಸದ್ದಾಯಿತು.

ಒಂಬತ್ತು ವರ್ಷ ಅವಳ ಕಾಲಡಿಯಲ್ಲೇ ಬೆಳೆದವು. ಒಂದು ದಿನ ಎಡವಿಸಿದ್ದಿಲ್ಲ.

ನಾಯಿ ಅಡ್ಡ ಬಂದವು ಅಂದೆ. ಸುಳ್ಳಲ್ಲ. ನಿಜವೂ ಅಲ್ಲ. ಡ್ರೈವರನೂ ಬಾಯಿ ಬಿಡಲಿಲ್ಲ. ಹಲ್ಲು ನೋವು ಅಂದಾಗ ಅವನೂ ನೆಲ ನೋಡಿದ.

ಹೇಳಿದರೆ ಅಕ್ಕನ ಮಗಳು ನನ್ನನ್ನು ಈ ಹಿತ್ತಲಲ್ಲಿ ಉಳಿಸಿಕೊಳ್ಳುತ್ತಾಳೆಯೆ? ಉಳಿಸಿಕೊಳ್ಳಬಾರದು, ನ್ಯಾಯವಾಗಿ.

ಜನವರಿ 23, ಗುರುವಾರ

ಅವಳ ಸ್ಕೂಲಿಗೇ ಹೋದೆ. ಹೆಡ್‌ಮಿಸ್ ರೂಮಿನ ಹೊರಗೆ ಬೆಂಚು. ಪಕ್ಕದಲ್ಲಿ ಇಬ್ಬರು ಹುಡುಗಿಯರು, ಗಾಜು ಒಡೆದು ಬಂದವರು. ಒಬ್ಬಳು ಕೇಳಿದಳು, "ತಾತ, ನೀವೇನು ಮಾಡಿದ್ರಿ?"

"ಸಿಳ್ಳೆ ಹಾಕಿದೆ."

"ಅಷ್ಟಕ್ಕೆಲ್ಲ ಬೈಯಲ್ಲ ಬಿಡಿ."

ಒಳಗೆ ಹೋಗಿ ನಿಂತುಕೊಂಡೇ ಎಲ್ಲ ಹೇಳಿದೆ. ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಹಾಕಿದಳು.

"ಇಪ್ಪತ್ತಾರು ದಿನ ಮಾವ. ಇಪ್ಪತ್ತಾರು ದಿನ ಆ ಮೂಕಪ್ರಾಣಿಗಳ ಮೇಲೆ ಹಾಕಿ ಕೂತಿದ್ರಾ?"

ಮಾತಿಗೆ ಮಾತು ಕೊಡದೆ ನಾನು ನಿಂತದ್ದನ್ನು ಅವಳು ಇದೇ ಮೊದಲು ನೋಡಿದ್ದು.

"ಹೋಗಿ. ನನಗೆ ಕ್ಲಾಸಿದೆ."

ಬಂದು ಟೂಲ್ ಪೆಟ್ಟಿಗೆ ಕಟ್ಟಿದೆ. ಬಟ್ಟೆ ಒಂದು ಚೀಲ ಆಯಿತು. ಐದೂ ಸುತ್ತ ಕೂತು ನೋಡುತ್ತಿವೆ. ಎಲ್ಲೋ ಸವಾರಿ ಅಂದುಕೊಂಡಿವೆ.

ಜನವರಿ 24. ಸಂಜೆ 6

ಅಕ್ಕನಿಗೆ ಹೇಳಿ ಹೊರಡೋಣ ಅಂತ ಆಸ್ಪತ್ರೆಗೆ ಹೋದೆ. ಮಗಳು ಆಗಲೇ ಬಂದು ಕಿಟಕಿ ಹತ್ತಿರ ನಿಂತಿದ್ದಳು.

"ಅಕ್ಕ, ಆ ದಿನ ನಾನು—"

"ನಂಗೇನು ಕಿವುಡಾ? ಬೀಳೋಕೆ ಮುಂಚೆ ಕೇಳಿಸಿದ್ದೇ ಅದು."

"ಮತ್ತೆ ಯಾಕೆ ಹೇಳಲಿಲ್ಲ?"

"ನಾಯಿಗಳನ್ನಾದ್ರೆ ಗೂಡಿಗೆ ಹಾಕಬಹುದು. ನಿನ್ನ ಎಲ್ಲಿಗೆ ಹಾಕ್ಲೋ? ನಿನ್ನ ಜಂಬದ ಅಳತೆಗೆ ಹಲಗೆ ಸಿಗಬೇಕಲ್ಲ." ಹೊದಿಕೆಯ ಅಂಚು ಮಡಿಸುತ್ತ — "ನೀನೇ ಹೇಳ್ತೀಯ ಅಂತ ಕಾದೆ. ತಡ ಮಾಡಿದೆ ಕಣೋ."

ಅಕ್ಕ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಗಳು ಕಿಟಕಿಯಿಂದ ತಿರುಗಲಿಲ್ಲ. ಒಂದು ಹಾಳೆ ಮಾತ್ರ ಹಿಂದಕ್ಕೆ ಚಾಚಿದಳು. ಸ್ಕೂಲಿನ ನೋಟೀಸಿನ ಹಾಗೆ ನಂಬರ್ ಹಾಕಿ ಬರೆದದ್ದು. ಭಾನುವಾರ ಯಾರೂ ಬರುವುದಿಲ್ಲ. ಗೂಡು ಮನೆಯೊಳಗೆ, ಹಾಲಿನ ಮೂಲೆಗೆ ಬರಬೇಕು. ಆ ಮೂಲೆಗೂ ಅಮ್ಮ ನಡೆಯುವ ದಾರಿಗೂ ನಡುವೆ ಮೊಣಕಾಲೆತ್ತರದ ಗೇಟು. ಅಮ್ಮ ಕುರ್ಚಿಯಲ್ಲಿ ಕೂತಮೇಲೆಯೇ ಗೇಟು ತೆಗೆಯುವುದು. ಐದರ ಕತ್ತಿಗೂ ಗೆಜ್ಜೆ. ಸಿಳ್ಳೆ ಬಂದ್. ಕೊನೆಯದು — ಮಾವ ಇನ್ನುಮುಂದೆ ಹಿತ್ತಲ ರೂಮಿನಲ್ಲಿ ಮಲಗುವಂತಿಲ್ಲ. ಅಮ್ಮ ಕರೆದರೆ ಕೇಳಿಸುವ ಹಾಗೆ ಹಾಲಿನಲ್ಲೇ ಮಲಗಬೇಕು.

ಎರಡು ಸಲ ಓದಿದೆ. ಕೊನೆಯದನ್ನು ಮೂರು ಸಲ.

ಜನವರಿ 26, ಭಾನುವಾರ

ಗೂಡು ಬಾಗಿಲಲ್ಲಿ ಹಿಡಿಸಲಿಲ್ಲ! ನಾಯಿ ಅಳೆದಿದ್ದೆ, ಮನೆಯ ಬಾಗಿಲು ಅಳೆದಿರಲಿಲ್ಲ. ಡ್ರೈವರ್ ಒಂದು ತುದಿ ಹಿಡಿದು ನಕ್ಕೂ ನಕ್ಕೂ ಕೂತೇಬಿಟ್ಟ. ಎರಡು ತುಂಡಾಗಿ ಕೊಯ್ದು, ಒಳಗೆ ಒಯ್ದು, ಮತ್ತೆ ಜೋಡಿಸಿದೆ. ಕಿತ್ತಿದ್ದ ನಾಲ್ಕು ಹಲಗೆ ಗೇಟಿಗಾಯಿತು. ಜೋಡಣೆ ಕಾಣಿಸುವುದೇ ಇಲ್ಲ, ಆ ಮಾತು ಬೇರೆ.

ಸಾಸಿವೆ ಅರ್ಧ ಬಟ್ಟಲು ಅನ್ನ ತಿಂದಿತು.

ಜನವರಿ 30. ಮಧ್ಯಾಹ್ನ 3

ಅಕ್ಕ ಬಂದಳು. ನಾಲ್ಕು ಕಾಲಿನ ವಾಕರ್ ಹಿಡಿದು, ಹೊಸ್ತಿಲಿನಿಂದ ಕುರ್ಚಿಗೆ ಹನ್ನೊಂದು ಹೆಜ್ಜೆ. ಗೇಟಿನ ಹಿಂದೆ ಐದೂ ಮೂಗು ತೂರಿಸಿ ನಿಂತಿದ್ದವು. ಅವಳು ಕೂತಳು. ಸೆರಗು ಸರಿ ಮಾಡಿಕೊಂಡಳು. ಕುರ್ಚಿಯ ಎರಡು ಕೈಯನ್ನೂ ಗಟ್ಟಿಯಾಗಿ ಹಿಡಿದಳು.

"ಹೂಂ. ಹಾಕು ಒಂದು."

"ಏನು?"

"ಸಿಳ್ಳೆ ಕಣೋ. ಈಗ ಕೂತಿದ್ದೀನಲ್ಲ."

ಮಗಳ ಮುಖ ನೋಡಿದೆ. ತುಟಿ ಒಂದು ಬದಿಗೆ ಹೋಗಿತ್ತು. ಎರಡು ಬೆರಳು ಇಟ್ಟೆ. ಊದಿದೆ. ಬರೀ ಗಾಳಿ. ಇನ್ನೊಂದು ಸಲ. ಗಾಳಿ. ತುಟಿ ನಿಲ್ಲುತ್ತಲೇ ಇರಲಿಲ್ಲ.

"ಮೂವತ್ತೆಂಟು ವರ್ಷದ ಸಿಳ್ಳೆ ಎಲ್ಲೋಯ್ತೋ?"

"ಹಲ್ಲು ನೋವು ಅಕ್ಕ."

ಮಗಳೇ ಬಗ್ಗಿ ಗೇಟಿನ ಚಿಲಕ ತೆಗೆದಳು. ಓಡಲಿಲ್ಲ ಅವು. ಗೆಜ್ಜೆ ಸದ್ದು ಮಾಡಿಕೊಂಡು ನಡೆದು ಹೋದವು. ವಾಕರಿನ ಒಂದೊಂದು ಕಾಲನ್ನೂ ಮೂಸಿ, ಅದಕ್ಕೂ ಸುತ್ತು ಹಾಕಿ, ಅವಳ ಪಾದದ ಹತ್ತಿರ ಕೂತವು.

ಅಕ್ಕನಿಗೆ ಈಗ ನಿದ್ದೆ. ನಾನು ಹಾಲಿನಲ್ಲಿ, ನನ್ನ ಹೊಸ ಜಾಗದಲ್ಲಿ. ನಾಲ್ಕು ಅವಳ ಕುರ್ಚಿ ಹತ್ತಿರವೇ ಇವೆ. ಸಾಸಿವೆ ಯಾಕೋ ನನ್ನ ಹತ್ತಿರ ಬಂದು ಬರೆಯುವ ತೋಳಿನ ಮೇಲೆಯೇ ತಲೆಯಿಟ್ಟು ಮಲಗಿದೆ. ಪೆನ್ನು ಆಡಿದಾಗೆಲ್ಲ ಗೆಜ್ಜೆ ಅಲ್ಲಾಡುತ್ತದೆ, ಅಕ್ಕನಿಗೆ ಎಚ್ಚರವಾದೀತು, ಅದಕ್ಕೆ