ಕಣ್ಣು ಮುಚ್ಚಿದ ಫೋಟೋ

ಗೊಬ್ಬೂರ
20 ಫೆಬ್ರವರಿ 1938

ಕಣ್ಣು ಮುಚ್ಚಿಕೊಂಡು ಫೋಟೋ ತೆಗೆಸಿಕೊಂಡ ಯಜಮಾನರಿಗೆ ಮಲ್ಕಮ್ಮನ ಶರಣು.

ನಿಮ್ಮ ಪಾಕೀಟು ಎಳ್ಳಮಾವಾಸ್ಯೆಯ ಬೆಳಿಗ್ಗೆ ಮುಟ್ಟಿತು. ಇಷ್ಟು ದಿನವಾದರೂ ನನ್ನ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಂದು ಭೂತಾಯಿಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಹೊರಟು ಬಂಡಿ ಹತ್ತಿದ್ದೆವು. ವಿಳಾಸ ಬರೆದ ಕೈ ನಿಮ್ಮದಲ್ಲ, ಫೋಟೋ ತೆಗೆಯಲೆಂದು ನಿಮ್ಮನ್ನು ಕರೆದೊಯ್ದ ಸಾಹೇಬರದು. ಒಳಗೆ ಒಂದು ಸಾಲು ಬರಹವಿಲ್ಲ. ಬರೀ ಫೋಟೋ: ಹಿಮ, ಬಂಡೆ, ಮತ್ತೆ ಹಿಮ. ಭೂಮಿಯ ಉತ್ತರದ ತುದಿಗೆ ನಡೆದುಹೋಗಿ, ನರಪಿಳ್ಳೆ ಇಲ್ಲದ ಜಾಗದ ಫೋಟೋ ತೆಗೆಯುವುದು ಯಾವ ಸೀಮೆಯ ಕಸುಬು? ನಿಮ್ಮ ಅವ್ವ ನೋಡಿ, 'ಇಷ್ಟೊಂದು ಉಪ್ಪು ಯಾರು ಸುರುವ್ಯಾರ ಬೇ' ಎಂದರು.

ಕೊನೆಯ ಫೋಟೋ ನಿಮ್ಮದು. ಕರಿ ಬಂಡೆಗೆ ಒರಗಿ ಚಕ್ಕಳಮಕ್ಕಳ ಹಾಕಿ ಕೂತಿದ್ದೀರಿ. ಮೈತುಂಬ ಬಿಳಿ ಕಂಬಳಿ, ಕಣ್ಣು ಮುಚ್ಚಿವೆ. ಸತ್ತವರನ್ನು ಕೂಡಿಸಿ, ವಿಭೂತಿ ಹಚ್ಚಿ, ಮಣ್ಣಿಗೆ ಒಯ್ಯುವ ಮೊದಲು ಫೋಟೋ ತೆಗೆಸುವ ಮಂದಿ ನಾವು. ಅಫಜಲಪುರದ ಸುತ್ತ ಅಂಥ ಫೋಟೋ ತೆಗೆದು ಹೆಸರಾದವರು ನೀವೇ. ನಿಮಗಾದರೂ ಬುದ್ಧಿ ಬೇಡವೇ? ಅವ್ವ ಬಂಡಿಯಿಂದಿಳಿದು ನೆಲಕ್ಕೆ ಕುಸಿದರು. 'ನನ್ನ ಭೀಮಶಾನ್ನ ಕುಂದ್ರಿಸಿಬಿಟ್ಟಾರಲ್ಲೋ ಯಪ್ಪಾ' ಎಂದು ಎದೆ ಬಡಿದುಕೊಂಡರು. ಓಣಿಯೆಲ್ಲ ಕೂಡಿತು. ಪಕ್ಕದ ಮನೆಯ ಗಂಗುಬಾಯಿ, 'ಹಟ ಮಾಡಬ್ಯಾಡ ತಂಗಿ, ಕೈ ಕೊಡು' ಎಂದು ನನ್ನ ಬಳೆ ಹಿಡಿದಳು. ನಾನು ಕೈ ಜಾಡಿಸಿ ಫೋಟೋ ಕಸಿದುಕೊಂಡೆ.

ನಿಮ್ಮ ಬಾಯಿಯ ಮುಂದೆ, ಕರಿ ಬಂಡೆಯ ಮೇಲೆ, ಬೆಳ್ಳಗೆ ಏನೋ ಮಸುಕು. ಕಲೆ ಬಿದ್ದಿದೆ ಎಂದರು ಎಲ್ಲರೂ. ಆ ಬೆಳಗಿನ ಚಳಿಯಲ್ಲಿ ನಮ್ಮ ಎತ್ತುಗಳ ಮೂಗಿನಿಂದ ಹಬೆ ಏಳುತ್ತಿತ್ತು, ಅಳುತ್ತಿದ್ದ ಅವ್ವನ ಬಾಯಿಂದಲೂ. ನನಗೆ ಆಗ ಹೊಳೆಯಿತು. 'ಸತ್ತಾವ್ರ ಬಾಯಾಗ ಹಬಿ ಬರ್ತದೇನ್ರಿ?' ಎಂದು ಗದರಿಸಿ ಕೇಳಿದೆ. ಗಂಗುಬಾಯಿ ಬಳೆ ಬಿಟ್ಟಳು. ಅವ್ವ ಕಣ್ಣೊರೆಸಿಕೊಂಡು ಬಂಡಿ ಹತ್ತಿದರು. ಹೊಲದಲ್ಲಿ ಎಲ್ಲರೂ ಸಜ್ಜೆರೊಟ್ಟಿ, ಭಜ್ಜಿ ಉಂಡರು. ನಾನು ಮಾತ್ರ ಫೋಟೋ ಮಡಿಲಲ್ಲಿಟ್ಟುಕೊಂಡು ನನ್ನ ರೊಟ್ಟಿಯನ್ನು ಎತ್ತುಗಳಿಗೆ ಹಾಕಿದೆ.

ಸಾಕಾಗಿ ಹೋಗಿದೆ ನನಗೆ. ಹಿಮದ ಬೆಳಕಿಗೆ ಕಣ್ಣು ಕುಕ್ಕಿತೋ, ನಡೆದು ದಣಿದು ನಿದ್ದೆ ಹತ್ತಿತೋ, ನಿಮ್ಮ ಕೈಯಿಂದಲೇ ಬರೆಯಿರಿ. ಸಾಹೇಬರಿಂದ ಬರೆಸಬೇಡಿ.

ನಿಮ್ಮ ಮೇಲೆ ಸಿಟ್ಟಾಗಿರುವ,
ಮಲ್ಕಮ್ಮ

ತಾ.ಕ.: ಆ ಫೋಟೋ ತೆಗೆದು ಎಷ್ಟು ತಿಂಗಳಾಯಿತೋ ನನಗೆ ತಿಳಿಯದು. ಅವ್ವನಿಗೆ ಇದು ಹೊಳೆದಿಲ್ಲ, ನಾನೂ ಬಾಯಿ ಬಿಟ್ಟಿಲ್ಲ. ದಿನಾ ನಾನು ಬೆರಳಾಡಿಸಿ ಆಡಿಸಿ ನಿಮ್ಮ ಬಾಯಿಯ ಮುಂದಿನ ಹಬೆ ಅಳಿಸಿಹೋಗುತ್ತಿದೆ. ಬೇಗ ಬರೆಯಿರಿ.