ಅಬ್ಬಾನ ಮಗ್ಗುಲ ಜಾಗ

ಅಬ್ಬಾ,

ನಿನ್ನೆ ಅರಕೇರಾದಲ್ಲಿ ಅಮ್ಮಿಯನ್ನು ಮಣ್ಣು ಮಾಡಿದೆವು. ನಿಮ್ಮ ಮಗ್ಗುಲಲ್ಲೇ ಮಲಗಿಸಬೇಕೆಂದು ನನ್ನ ಕೈ ಹಿಡಿದು ಮಾತು ತೆಗೆದುಕೊಂಡಿದ್ದಳು. ಆಗಲಿಲ್ಲ. ನಿಮ್ಮ ಗೋರಿಯೇ ಸಿಗಲಿಲ್ಲ.

ನೀವು ಹೋದ ಮೇಲಿನ ಹನ್ನೆರಡು ವರ್ಷದಲ್ಲಿ ಖಬರಸ್ತಾನದ ಆ ಮೂಲೆಯನ್ನು ಬಳ್ಳಾರಿ ಜಾಲಿ ಪೂರ್ತಿ ನುಂಗಿದೆ. ಹಿಂದೆ ಯಾರೋ ಉರುವಲಿಗೆಂದು ಹೊರದೇಶದಿಂದ ತಂದು ಬಿತ್ತಿದ ಮರವಂತೆ. ಅದರಡಿ ನಮ್ಮ ತಂಗಡಿ ಗಿಡ ಒಂದೂ ಉಳಿದಿಲ್ಲ. ನಿಮ್ಮ ಗೆಳೆಯ ಸುಂಕಪ್ಪ ಕಾಕಾ ಬೆಳಗಿನಿಂದ ಕೊಡಲಿ ಹಿಡಿದು ಕಡಿದ. ದಾರಿಯಾಗಲಿಲ್ಲ.

"ಲೇ ಪೀರಾ ಸಾಬಾ, ಇದ್ದಾಗೂ ಕರದ್ರ ಓ ಅಂತಿರಲಿಲ್ಲ ನೀನು. ಈಗರ ಅನ್ನಲೇ!" ಎಂದು ಪೊದೆಯೊಳಕ್ಕೆ ಕೂಗಿದ. ಅಳುತ್ತಿದ್ದವರೂ ನಕ್ಕರು. ಆಮೇಲೆ ನನ್ನತ್ತ ತಿರುಗಿ, "ಕಲೀಮಾ, ನೀನರ ಗುರ್ತು ಹೇಳಪಾ. ಯಾ ಕಡಿ ಅದ?" ಎಂದ.

ನನಗೂ ಗುರುತು ಹತ್ತಲಿಲ್ಲ.

ಜನಾಜಾ ಬಹಳ ಹೊತ್ತು ಕಾಯಿಸಬಾರದೆಂದು ಕೊನೆಗೆ ಖಬರಸ್ತಾನದ ಬಾಗಿಲ ಹತ್ತಿರವೇ ಅಗೆದರು.

ಮಣ್ಣು ಮುಚ್ಚಿದ ಮೇಲೆ ನಾಯಿ ಕೆದರದಂತೆ ಮುಳ್ಳು ಹೊದಿಸಬೇಕಲ್ಲ. ಕಾಕಾ ಕಡಿದಿಟ್ಟ ಜಾಲಿ ಕೊಂಬೆಗಳನ್ನೇ ಎಳೆದು ತಂದ. ಬೀಜ ತುಂಬಿದ ಕಾಯಿಗಳು ಗೊಂಚಲು ಗೊಂಚಲಾಗಿ ಜೋತಿದ್ದವು. ನಾನು ಕುಳಿತು ಒಂದೊಂದೇ ಕಾಯಿ ಕೀಳತೊಡಗಿದೆ. ಬೆರಳಿಗೆ ಮುಳ್ಳು ಚುಚ್ಚಿ ರಕ್ತ ಬಂತು.

"ಅವನ್ಯಾಕ ಕೀಳಾಕತ್ತಿಯೋ ಹುಚ್ಚಾ?" ಎಂದು ಕಾಕಾ ಕೇಳಿದ.

ಅವನಿಗೆ ಹೇಳಲಿಲ್ಲ. ನಿಮ್ಮ ಮೇಲೆ ಇದೇ ಜಾಲಿಯ ಮುಳ್ಳು ಹೊದಿಸಿದವನು ನಾನೇ ಅಬ್ಬಾ. ಅವತ್ತು ಮಾನ್ವಿಯ ಬಸ್ಸು ಹಿಡಿಯುವ ಅವಸರವಿತ್ತು. ಕಾಯಿ ಸಮೇತ ಹೊದಿಸಿ ಹೋದೆ.